ಜನವರಿಯಲ್ಲಿ ಗುಲ್ಮಾರ್ಗ್: ಬಟ್ಟೆ, ಬೂಟು, ಗೊಂಡೊಲಾ

ಪ್ರಶ್ನೆ: ಬೆಂಗಳೂರಿನಿಂದ ಕಾಶ್ಮೀರದ ಗುಲ್ಮಾರ್ಗ್‌ಗೆ ಹೊರಟಿದ್ದೇವೆ. ಅಪ್ಪ ಅಮ್ಮನಿಗೆ 60 ದಾಟಿದೆ, ಮಗಳಿಗೆ 6. ಎಲ್ಲರಿಗೂ ಹಿಮ ಹೊಸದು. ಎಷ್ಟು ಸ್ವೆಟರ್ ಬೇಕು? ಗೊಂಡೊಲಾದಲ್ಲಿ (ಅಲ್ಲಿನ ಕೇಬಲ್ ಕಾರ್) ತುದಿಯವರೆಗೂ ಹೋಗಬಹುದಾ?

ಉತ್ತರ 1: ಸ್ವೆಟರ್ ಎಣಿಸಬೇಡಿ, ಪದರ ಎಣಿಸಿ. ಮೈಗಂಟುವ ಥರ್ಮಲ್, ಅದರ ಮೇಲೆ ಉಣ್ಣೆ ಅಥವಾ ಫ್ಲೀಸ್, ಹೊರಗೆ ನೀರು ಇಳಿಯದ ಜಾಕೆಟ್. ಹತ್ತಿ ಬನಿಯನ್ ಬೇಡವೇ ಬೇಡ. ಹಿಮದಲ್ಲಿ ನಡೆದರೆ ಬೆವರು ಬರುತ್ತದೆ, ಹತ್ತಿ ಅದನ್ನು ಹೀರಿಕೊಂಡು ಒದ್ದೆಯಾಗೇ ಇರುತ್ತದೆ, ನಿಂತ ಕೂಡಲೇ ನಡುಕ ಶುರು. ಉಣ್ಣೆ ಗ್ಲೌಸೂ ಅಷ್ಟೇ: ಮಗು ನಾಲ್ಕು ಹಿಮದುಂಡೆ ಕಟ್ಟುವಷ್ಟರಲ್ಲಿ ತೊಯ್ದು, ಬೆರಳ ತುದಿ ಕೆಂಪಾಗಿ ಉರಿಯುತ್ತದೆ. ಅವಳಿಗೆ ವಾಟರ್‌ಪ್ರೂಫ್ ಗ್ಲೌಸ್ ಎರಡು ಜೊತೆ ಇಟ್ಟುಕೊಳ್ಳಿ.

ಉತ್ತರ 2: ಗಮ್‌ಬೂಟ್, ಗುಲ್ಮಾರ್ಗ್‌ಗೆ ಹತ್ತುವ ಮುಂಚೆ ಸಿಗುವ ತಂಗ್‌ಮಾರ್ಗ್ ಊರಿನಲ್ಲಿ ಬಾಡಿಗೆಗೆ ಸಿಗುತ್ತದೆ. ಒಂದು ಸೈಜ್ ದೊಡ್ಡದನ್ನೇ ತಗೊಳ್ಳಿ. ಬಿಗಿ ಬೂಟಿನೊಳಗೆ ಎರಡು ಕಾಲುಚೀಲ ತುರುಕಿದರೆ ರಕ್ತ ಓಡಾಡದೆ ಕಾಲು ಇನ್ನೂ ತಣ್ಣಗಾಗುತ್ತದೆ. ಅಲ್ಲಿಂದ ಮೇಲಿನ 13 ಕಿ.ಮೀ.ಗೆ, ಹಿಮ ಬಿದ್ದಿದ್ದರೆ, ಟೈರಿಗೆ ಸರಪಳಿ ಹಾಕಿದ ಗಾಡಿ ಬೇಕು. ನಮ್ಮ ಕಡೆಯ ಪ್ರೀಪೇಯ್ಡ್ ಸಿಮ್ ಕಾಶ್ಮೀರದಲ್ಲಿ ನಡೆಯಲ್ಲ, ಪೋಸ್ಟ್‌ಪೇಯ್ಡ್ ಒಂದಿರಲಿ.

ಉತ್ತರ 3: ಗುಲ್ಮಾರ್ಗ್ ಸುಮಾರು 2,650 ಮೀಟರ್. ಗೊಂಡೊಲಾದ ಮೊದಲ ಹಂತ ಕೊಂಗ್‌ಡೂರಿ, ಸುಮಾರು 3,080. ಹಿರಿಯರಿಗೆ, ಮಗುವಿಗೆ ಅಷ್ಟು ಸಾಕು, ಆಡಲು ಹಿಮ ಅಲ್ಲೇ ಧಾರಾಳ. ಎರಡನೇ ಹಂತ ಅಫರ್ವತ್ 3,900 ದಾಟುತ್ತದೆ: ಗಾಳಿ ತೆಳು, ಉಸಿರು ಕಟ್ಟಿದಂತಾಗಬಹುದು. ಬಿರುಗಾಳಿ ಎದ್ದರೆ ನಿಲ್ಲಿಸಿಬಿಡುತ್ತಾರೆ. ಟಿಕೆಟ್ ಮೊದಲೇ ಆನ್‌ಲೈನಲ್ಲಿ ಮಾಡಿಸಿ. ಕೂಲಿಂಗ್ ಗ್ಲಾಸ್ ಮರೀಬೇಡಿ, ಹೊಸ ಹಿಮದ ಬಿಳುಪು ಕಣ್ಣು ಸುಡುತ್ತದೆ.