ಸ್ಪ್ಯಾನಿಷ್‌ನಲ್ಲಿ ಅಭಿಪ್ರಾಯ ಹೇಳೋದು, ಹೋಲಿಸೋದು: ನೀವು ಹೇಗೆ ಕಲಿತಿರಿ?

ಟಿಳಕವಾಡಿ, ಬೆಳಗಾವಿ: ಸ್ಪ್ಯಾನಿಷ್‌ನ ಡೆಲೆ ಬಿ1 (ಮಧ್ಯಮ ಮಟ್ಟದ) ಪರೀಕ್ಷೆ ಕಟ್ಟಿದ್ದೇನೆ. ಓದಿದ್ದು, ಕೇಳಿದ್ದು ತಿಳಿಯುತ್ತೆ. ನನ್ನ ಅಭಿಪ್ರಾಯ ಹೇಳುವಾಗ, ಎರಡನ್ನು ಹೋಲಿಸುವಾಗ ಮಾತ್ರ ನಾಲಿಗೆ ತೊಡರುತ್ತದೆ. ಏಳು ವಾರ ಉಳಿದಿದೆ. ಕೆಲಸ ಮುಗಿಸಿ ಬಂದ ಮೇಲೆ ದಿನಕ್ಕೆ ಒಂದೇ ತಾಸು ಸಿಗುತ್ತದೆ. ಅನುಭವ ಹೇಳ್ತೀರಾ?

ಜಮಖಂಡಿಯವ: ನಾನು ಮೊದಲ ಸಲ ಫೇಲಾದೆ. ಇನ್ನೂ ಹೊಟ್ಟೆ ಉರಿಯುತ್ತದೆ. ಓದು-ಬರಹದ ಗುಂಪಿನಲ್ಲಿ 50ಕ್ಕೆ 41 ಬಂತು. ಕೇಳೋದು-ಮಾತಾಡೋದರಲ್ಲಿ 27. ಎರಡರಲ್ಲೂ 30 ಬೇಕು, ಆ 41 ನೀರಿಗೆ ಹೋಯ್ತು. ಆನ್‌ಲೈನ್ ಕ್ಲಾಸಿಗೆ 18,500 ಕೊಟ್ಟಿದ್ದೆ. ಬೆಳಗಾವಿಯಿಂದ ಗೋವಾ ಎಕ್ಸ್‌ಪ್ರೆಸ್ ಹತ್ತಿ ಎರಡು ರಾತ್ರಿ ದೆಹಲಿಗೆ ಹೋದೆ. ಲಾಡ್ಜಿಗೆ ದಿನಕ್ಕೆ 1,400, ಮೂರು ದಿನ. ಪರೀಕ್ಷೆಯಲ್ಲಿ ಕೂತು ‘ನೋ ಕ್ರೆಯೊ ಕೆ ಎಸ್ ಕಾರೊ’ ಅಂದೆ. ‘ದುಬಾರಿ ಅಂತ ಅನ್ಸಲ್ಲ’ ಅನ್ನೋಕೆ ‘ಎಸ್’ ಬದಲು ‘ಸೆಯಾ’ ಬರಬೇಕಿತ್ತು. ‘ಕ್ರೆಯೊ’ಗೆ ‘ನೋ’ ಸೇರಿದ ಕೂಡಲೇ ಮುಂದಿನ ಕ್ರಿಯಾಪದ ಬದಲಾಗಬೇಕು. ಕ್ಲಾಸಿನಲ್ಲಿ ಇದನ್ನು ಕೊನೇ ವಾರ ಹತ್ತು ನಿಮಿಷ ಹೇಳಿ ಬಿಟ್ಟಿದ್ದರು!

ವಿಜಯಪುರದ ಟೀಚರ್: ನಾನು ಕ್ಲಾಸಿಗೆ ಒಂದು ರೂಪಾಯಿ ಕೊಟ್ಟಿಲ್ಲ, ಒಂದೇ ಸಲಕ್ಕೆ ಪಾಸಾದೆ. ಇನ್ನೂರು ಪುಟದ ನೋಟ್‌ಬುಕ್, ಬೆಳಿಗ್ಗೆ ಐದಕ್ಕೆ ಎದ್ದು ದಿನಾ ಹತ್ತು ಹೋಲಿಕೆ. ಗೋಳಗುಮ್ಮಟ ಇಬ್ರಾಹಿಂ ರೋಜಾಕ್ಕಿಂತ ದೊಡ್ಡದು. ನಮಗೆ ‘ಕ್ಕಿಂತ’ ಒಂದೇ ಸಾಕು, ಅವರಿಗೆ ‘ಮಾಸ್ ಗ್ರಾಂದೆ ಕೆ’ ಬೇಕು, ‘ಮಾಸ್’ ಬಿಡೋ ಹಾಗಿಲ್ಲ. ‘ಅಷ್ಟೇ ದೊಡ್ಡದು’ ಅನ್ನೋಕೆ ‘ತಾನ್ ಗ್ರಾಂದೆ’, ಆಮೇಲೆ ‘ಕೊಮೊ’. ಆದರೆ ‘ಅದಕ್ಕಿಂತ ಒಳ್ಳೇದು’ ಅನ್ನೋಕೆ ‘ಮೆಹೋರ್’, ಅಲ್ಲಿ ‘ಮಾಸ್’ ಹಾಕಿದರೆ ತಪ್ಪು. ಇನ್ನು ಸಂದೇಹಕ್ಕೆ ನಮ್ಮಲ್ಲೇ ‘ಮಳಿ ಬಂದೀತು’ ಇದೆ. ಅದನ್ನು ನೆನೆಸಿಕೊಂಡರೆ ಅವರ ಸುಬ್‌ಹುಂತಿವೊ, ಅಂದರೆ ‘ಸೆಯಾ’ ಥರದ ರೂಪ, ತಾನಾಗಿ ಬರುತ್ತದೆ.

ಜಮಖಂಡಿಯವ: ಟೀಚರ್, ಹೀಗೆ ಹೇಳಿ ಪ್ರಶ್ನೆ ಕೇಳಿದ ಹುಡುಗಿಯನ್ನು ಮುಳುಗಿಸಬೇಡಿ. ‘ಮಳಿ ಬಂದೀತು ಅನ್ಸುತ್ತೆ’ ಅಂತೀವಲ್ಲ, ಅದೇ ಮಾತು ಸ್ಪ್ಯಾನಿಷ್‌ನಲ್ಲಿ ‘ಕ್ರೆಯೊ ಕೆ’ ಆಗುತ್ತೆ. ಅದರ ಮುಂದೆ ‘ಎಸ್’ ಥರದ ಸಾದಾ ರೂಪವೇ. ಎರಡನೇ ಸಲ ಮತ್ತೆ ದುಡ್ಡು ಕಟ್ಟಿ ಕಲಿತಿದ್ದೇನೆ ಇದನ್ನು.

ವಿಜಯಪುರದ ಟೀಚರ್: ನಿಮ್ಮ ದುಡ್ಡು ಹೋಗಿದ್ದಕ್ಕೆ ಕನ್ನಡ ಕಾರಣ ಅಲ್ಲ. ‘ಬರಲಿಕ್ಕಿಲ್ಲ’ ಅನ್ನೋ ಕಡೆ ಹಾಕಿ ನೋಡಿ, ಸರಿಯಾಗಿ ಕೂಡುತ್ತದೆ.

ಖಾನಾಪುರದವಳು: ಹೋಲಿಕೆಯಲ್ಲಿ ‘ಮಾಸ್’ ಮುಂದೆ ಸಂಖ್ಯೆ ಬಂದರೆ ‘ಕೆ’ ಅಲ್ಲ, ‘ದೆ’. ಇದು ತಿಳಿಯದೆ ನನಗೆ 6,200 ರೂಪಾಯಿ ಹೊಡೆತ ಬಿತ್ತು. ಮೆಕ್ಸಿಕೋದ ಗಿರಾಕಿಗೆ ‘ಹತ್ತಕ್ಕಿಂತ ಜಾಸ್ತಿ ಇಲ್ಲ’ ಅನ್ನೋಕೆ ‘ನೋ ತೆನೆಮೋಸ್ ಮಾಸ್ ಕೆ ದಿಯೇಸ್’ ಅಂತ ಬರೆದೆ. ಅದರರ್ಥ ‘ಹತ್ತೇ ಇವೆ’. ಅವರು ಹತ್ತಕ್ಕೂ ಆರ್ಡರ್ ಕೊಟ್ಟರು. ಸ್ಟಾಕ್‌ನಲ್ಲಿದ್ದದ್ದು ಏಳು. ಉಳಿದ ಮೂರನ್ನು ಬೇರೆ ಕೊರಿಯರ್‌ನಲ್ಲಿ ಕಳಿಸಿದೆವು, ಖರ್ಚು ನನ್ನ ಸಂಬಳದಲ್ಲಿ ಕಟ್.

ಇನ್ನೊಂದು. ‘ಇಷ್ಟ’ಕ್ಕೆ ಕನ್ನಡಕ್ಕಿಂತ ಮರಾಠಿ ಹತ್ತಿರ. ಒಂದು ಮಾವಿಗೆ ‘ಮೆ ಗುಸ್ತಾ’, ಹಲವಕ್ಕೆ ‘ಮೆ ಗುಸ್ತಾನ್’. ಮರಾಠಿಯಲ್ಲೂ ‘ಆಂಬಾ ಆವಡತೋ, ಆಂಬೇ ಆವಡತಾತ’. ನಮ್ಮ ‘ಇಷ್ಟ’ ಬದಲಾಗೋದೇ ಇಲ್ಲ.

ಗೋಕಾಕದವ: ಬೆಳಗಾವಿಯಲ್ಲಿ ಏನೇ ಮಾತು ತೆಗೆದರೂ ಇದೇ ಬರಬೇಕಾ ಅಕ್ಕಾ? ಕನ್ನಡದಲ್ಲಿ ‘ನನಗೆ ಹಿಡಿಸಿತು, ಹಿಡಿಸಿದವು’ ಇಲ್ವಾ? ಯಾರಿಗೆ ಹಿಡಿಸಿತೋ ಅವರಲ್ಲ, ಹಿಡಿಸಿದ ವಸ್ತುವೇ ಕ್ರಿಯಾಪದ ನಡೆಸೋದು. ಗುಸ್ತಾ, ಗುಸ್ತಾನ್ ಕೂಡ ಅದೇ.

ಖಾನಾಪುರದವಳು: ಜಗಳಕ್ಕೆ ಹೇಳಿದ್ದಲ್ಲ ಅಣ್ಣಾ, ನಮ್ಮ ಮನೆಯಲ್ಲಿ ಎರಡೂ ಭಾಷೆ ಆಡ್ತೀವಿ. ಆದರೆ ‘ಹಿಡಿಸಿದವು’ ಅಂತ ಈಗ ಯಾರು ಅಂತಾರೆ?

ಗೋಕಾಕದವ: ನಮ್ಮವ್ವ ಅಂತಾಳೆ. ಹೋದ ಭಾನುವಾರ ಶಹಾಪುರದ ಅಂಗಡಿಯಲ್ಲಿ ಎರಡು ಸೀರೆ ತೊಡೆ ಮೇಲೆ ಹರವಿಕೊಂಡು, ಅಂಚು ಉಜ್ಜಿ ಉಜ್ಜಿ ನೋಡಿ, ‘ಎರಡೂ ಹಿಡಿಸಿದವು’ ಅಂದಳು. ಎರಡೂ ಕೊಡಿಸಿದೆ.