ಫಿಯೋರ್ಡ್‌ನಲ್ಲಿ ಕಯಾಕ್ ಗೈಡ್ ಇಂಟರ್ನ್‌ಶಿಪ್: ಒಪ್ಕೊಳ್ಳಲಾ?

ಹೊನ್ನಾವರದವ:
ನಾರ್ವೆಯ ಟ್ರಾಂಡ್‌ಹೈಮ್‌ನಲ್ಲಿ ಓದ್ತಿದ್ದೀನಿ. ಜೂನ್‌ನಿಂದ ಆಗಸ್ಟ್‌ವರೆಗೆ ಫಿಯೋರ್ಡ್ (ಬೆಟ್ಟಗಳ ನಡುವೆ ಒಳಚಾಚಿದ ಕಡಲ ತೋಳು) ದಡದ ಗುದ್ವಾಂಗೆನ್ ಹಳ್ಳಿಗೆ ಕಯಾಕ್ (ಹುಟ್ಟು ಹಾಕಿ ನಡೆಸೋ ಕಿರುದೋಣಿ) ಗೈಡ್ ಇಂಟರ್ನ್ ಆಗಿ ಕರೆದಿದ್ದಾರೆ. ಶರಾವತಿ ಅಳಿವೆಯಲ್ಲಿ ಮಾವನ ದೋಣಿಗೆ ಹುಟ್ಟು ಹಾಕಿದ್ದು ಬಿಟ್ರೆ ಅನುಭವ ಇಲ್ಲ. ಕೆಲಸ ಹೇಗಿರತ್ತೆ?

ಎರಡು ಬೇಸಿಗೆ ಮಾಡಿದವಳು:
ಹೋಗಿ ಮಾರಾಯ್ರೆ! ಆದ್ರೆ ಮೊದಲ ಮೂರು ವಾರ ನಾನು ಮಾಡಿದ್ದು ಒದ್ದೆ ವೆಟ್‌ಸೂಟ್ (ತಣ್ಣೀರಿಗೆ ಹಾಕೋ ರಬ್ಬರ್ ಉಡುಪು) ತೊಳೆದು ನೇತುಹಾಕೋದು, ಕಯಾಕ್ ಹೊರೋದು. ಎರಡು ಸೀಟಿಂದು ಹತ್ತತ್ತಿರ 40 ಕೆಜಿ, ಸೊಂಟ ಹಿಡ್ಕೊಳ್ಳತ್ತೆ.

ಗುದ್ವಾಂಗೆನ್ ಇರೋ ನೆರೊಯ್‌ಫಿಯೋರ್ಡ್ ಇಕ್ಕಟ್ಟಾದ ಕಡೆ 250 ಮೀಟರ್ ಅಗಲ ಅಷ್ಟೇ. ಬೆಳಿಗ್ಗೆ ನೀರು ಕನ್ನಡಿ. ಬಿಸಿಲೇರಿದ ಮೇಲೆ ಕಡಲ ಕಡೆಯಿಂದ ಗಾಳಿ ಒಳಗೆ ನುಗ್ಗತ್ತೆ. ಒಮ್ಮೆ ಫೆರಿ ಎಬ್ಬಿಸಿದ ಅಲೆಗೆ ನಮ್ಮ ಗುಂಪಿನ ದಂಪತಿ ಮಗುಚಿಕೊಂಡ್ರು. ಆ ಹೆಂಗಸು ಬಾಯಿ ತೆರೆದು ಉಸಿರಿಗೆ ಒದ್ದಾಡ್ತಿದ್ರು. ಭಯಕ್ಕಲ್ಲ, ತಣ್ಣೀರಿನ ಹೊಡೆತಕ್ಕೆ. ಒಂದೆರಡು ನಿಮಿಷ ಕಯಾಕ್ ಹಿಡಿದು ತೇಲ್ತಿದ್ರೆ ಅದು ಇಳಿಯತ್ತೆ. ಮಾತಾಡಿಸ್ತಾ ಇದ್ದು, ಆಮೇಲೆ ಎತ್ಕೊಂಡೆ.

ಹೊನ್ನಾವರದವ:
ಈಜು ಚೆನ್ನಾಗಿ ಬರತ್ತೆ, ಸಾಲ್ದಾ?

ಎರಡು ಬೇಸಿಗೆ ಮಾಡಿದವಳು:
ಸಾಲದು. ತಲೆಕೆಳಗಾದಾಗ ಸ್ಪ್ರೇ ಸ್ಕರ್ಟ್ (ನೀರು ಒಳಬರದ ಹಾಗೆ ಸೊಂಟದ ಸುತ್ತ ಕಯಾಕ್ ಬಾಯಿ ಮುಚ್ಚೋ ಹೊದಿಕೆ) ಕಿತ್ತು ಹೊರಬರೋದು ಕಲೀರಿ. ಅದರ ಮುಂದಿನ ಕುಣಿಕೆ ಯಾವತ್ತೂ ಹೊರಗೇ ಕಾಣ್ತಿರ್ಬೇಕು, ಒಳಗೆ ಸಿಕ್ಕಿಸಿದ್ರೆ ಕೆಟ್ಟಿರಿ. ಈಜುಕೊಳದಲ್ಲಿ ಹತ್ತು ಸಲ ಮಾಡಿ ಹೋಗಿ.

ಬರ್ಗೆನ್ ಭಟ್ಟ:
ಸಂಬಳ, ವಸತಿ ಎರಡೂ ಬರಹದಲ್ಲಿ ತಗೊಳ್ಳಿ. ನನಗೆ ಒಂದು ಕಡೆ ‘ಊಟ ಸೇರಿದೆ’ ಅಂದಿದ್ರು. ಬ್ರೆಡ್ಡು, ಬ್ರೂನೋಸ್ತ್ ಅನ್ನೋ ಸಿಹಿ ಕಂದು ಚೀಸು, ಮುಗೀತು. ಉಪ್ಪಿನಕಾಯಿ ಒಯ್ಯಿರಿ.