ಹಳೇ ಟೀಮ್ ಎದುರು ಯಾರನ್ನು ಆಡಿಸಿದರೂ ಸೋಲು! ಬೇಸ್‌ಬಾಲ್ ಸಿಮ್ಯುಲೇಟರ್‌ನಲ್ಲಿ ಏನು ಕೆಟ್ಟಿದೆ?

ಎಡಗೈ_ಬ್ಯಾಟು:
ತಲೆ ಕೆಟ್ಟುಹೋಗಿದೆ. ಯಾರಾದರೂ ಸಹಾಯ ಮಾಡಿ. ಬೇರೆ ಬೇರೆ ಕಾಲದ ಟೀಮ್‌ಗಳನ್ನು ಎದುರುಬದುರು ಆಡಿಸುತ್ತಿದ್ದೇನೆ. ಸಿಮ್ಯುಲೇಟರ್ ಎಲ್ಲೂ ನಿಲ್ಲುವುದಿಲ್ಲ, ಎರರ್ ಕೊಡುವುದಿಲ್ಲ. ಆದರೆ ಫಲಿತಾಂಶ ಮಾತ್ರ ನಂಬುವ ಹಾಗಿಲ್ಲ. 1998ರ ಯಾಂಕೀಸ್ ಹತ್ತರಲ್ಲಿ ಎಂಟೊಂಬತ್ತು ಪಂದ್ಯ ಸೋಲುತ್ತಿದೆ. 114 ಪಂದ್ಯ ಗೆದ್ದ ಟೀಮ್ ಇದು! ಜೀಟರ್, ಬರ್ನಿ ವಿಲಿಯಮ್ಸ್, ಕೊನೆಯಲ್ಲಿ ರಿವೇರಾ. ಇವರು ಹೀಗೆ ಸೋಲ್ತಾರಾ? ಎಲ್ಲಾ ಸೆಟ್ಟಿಂಗ್ ಸರಿಯಾಗೇ ಇದೆ. ಎರಡು ವಾರಾಂತ್ಯ ಇದರಲ್ಲೇ ಹೋಯಿತು.

ದಾಳ_ಕಾರ್ಡು:
ಎದುರಾಳಿ 1927ರ ಯಾಂಕೀಸ್ ಇರಬೇಕು, ಅಲ್ವಾ? ಹಾಗಿದ್ದರೆ ಆಶ್ಚರ್ಯ ಇಲ್ಲ ಬಿಡಿ. ರೂತ್ 60 ಹೋಮ್‌ರನ್, ಗೆಹ್ರಿಗ್ 47. ಇಡೀ ಟೀಮ್ ಸೇರಿ 158. ನಮ್ಮ ದಾಳ-ಕಾರ್ಡಿನ ಬೇಸ್‌ಬಾಲ್ ಆಟದಲ್ಲೂ ಆ ಸೆಟ್ ತೆಗೆದರೆ ಎದುರಿಗಿರುವವರು ಅರ್ಧ ಸೋತ ಹಾಗೇ. ಬಿಳಿ ದಾಳದಲ್ಲಿ 1, 2, 3 ಬಿದ್ದರೆ ಬ್ಯಾಟರ್ ಕಾರ್ಡ್ ನೋಡಬೇಕು, 4, 5, 6 ಬಿದ್ದರೆ ಪಿಚರ್ (ಚೆಂಡು ಎಸೆಯುವವ) ಕಾರ್ಡ್. ರೂತ್ ಕಾರ್ಡ್‌ಗೆ ಹೋದಿರೋ, ಕಥೆ ಮುಗೀತು. ನೀವು ಯಾವ ವರ್ಷದ ಮುದ್ರಣ ಬಳಸುತ್ತಿದ್ದೀರಿ?

ಮೌಂಡ್_ಮೇಲಿಂದ:
ಇದು ಮೌಂಡ್ ಸಮಸ್ಯೆ, ನೂರಕ್ಕೆ ನೂರು. ಎಲ್ಲರೂ ಇಲ್ಲೇ ಎಡವುತ್ತಾರೆ. 1968ರವರೆಗೆ ಪಿಚರ್ ನಿಲ್ಲುವ ದಿಬ್ಬ 15 ಇಂಚು ಎತ್ತರ ಇತ್ತು. ಆ ವರ್ಷ ಪಿಚರ್ ಬಾಬ್ ಗಿಬ್ಸನ್ ಇಆರ್‌ಎ (ಫೀಲ್ಡರ್ ತಪ್ಪಿನಿಂದ ಬಂದದ್ದು ಬಿಟ್ಟು, ಒಂಬತ್ತು ಇನ್ನಿಂಗ್ಸ್‌ಗೆ ಕೊಟ್ಟ ರನ್) 1.12. ಅಮೆರಿಕನ್ ಲೀಗ್‌ನಲ್ಲಿ ಬ್ಯಾಟಿಂಗ್ ಸರಾಸರಿ .300 ದಾಟಿದವನು ಒಬ್ಬನೇ, ಯಾಸ್ಟ್ರೆಮ್ಸ್ಕಿ, ಅದೂ .301. ಬ್ಯಾಟರ್‌ಗಳು ಉಸಿರು ಬಿಡೋಕೆ ಆಗದೆ 1969ರಲ್ಲಿ ದಿಬ್ಬವನ್ನು 10 ಇಂಚಿಗೆ ಇಳಿಸಿದರು. ಸ್ಟ್ರೈಕ್ ಝೋನ್ (ಪಿಚರ್ ಎಸೆತ ಹಾದುಹೋಗಬೇಕಾದ ಜಾಗ) ಕೂಡ ಚಿಕ್ಕದು ಮಾಡಿದರು. ಹಳೇ ಪಿಚರ್‌ನ 1.12 ಅನ್ನು ಹಾಗೇ ತಂದು 1998ಕ್ಕೆ ಇಟ್ಟರೆ ಅವನು ದೇವರಾಗಿಬಿಡುತ್ತಾನೆ. ಮೊದಲು ಆ ವರ್ಷದ ಲೀಗ್ ಸರಾಸರಿಯಿಂದ ಭಾಗಿಸಿ. ಅಷ್ಟೇ ಪರಿಹಾರ.

ಎಡಗೈ_ಬ್ಯಾಟು:
ಕಾರ್ಡೂ ಅಲ್ಲ, 1927ರ ಟೀಮೂ ಅಲ್ಲ, 1968ರದ್ದೂ ಅಲ್ಲ. 1906ರ ಶಿಕಾಗೋ ಕಬ್ಸ್! ಹಳೇ ಟೀಮ್ ಅಂದರೆ ಗೊತ್ತಾಗುತ್ತೆ ಅಂದುಕೊಂಡೆ. 2001ರ ಮ್ಯಾರಿನರ್ಸ್ ಹಾಕಿದರೂ ಇದೇ ಹಾಡು, 1975ರ ರೆಡ್ಸ್ ಹಾಕಿದರೂ ಇದೇ ಹಾಡು. ಕಬ್ಸ್‌ನವರು ಆ ಇಡೀ ವರ್ಷದಲ್ಲಿ ಹೊಡೆದದ್ದು 20 ಹೋಮ್‌ರನ್. ಅವರು ಇವರಿಗೆ ಪಂದ್ಯಕ್ಕೆ ಏಳೆಂಟು ರನ್ ಬಾರಿಸುತ್ತಿದ್ದಾರೆ.

ಮೌಂಡ್_ಮೇಲಿಂದ:
1906 ಆದರೆ ನನ್ನ ಮಾತು ಇನ್ನೂ ಗಟ್ಟಿಯಾಯಿತು. ಅದು ಡೆಡ್‌ಬಾಲ್ ಕಾಲ, ಹೋಮ್‌ರನ್ ಅಪರೂಪ. ಒಂದೇ ಚೆಂಡನ್ನು ಮಣ್ಣಾಗುವ ತನಕ ಆಡುತ್ತಿದ್ದರು. ಕಬ್ಸ್ ಪಿಚರ್ ಮೊರ್ಡೆಕೈ ಬ್ರೌನ್ ಇಆರ್‌ಎ 1.04, ಇಡೀ ಟೀಮಿನದು 1.75. ಲೀಗ್ ಸರಾಸರಿಯಿಂದ ಭಾಗಿಸದೆ ಆಡಿಸಿದರೆ ಹೀಗೇ ಆಗುವುದು.

ಸ್ಕೋರ್‌ಬುಕ್:
ಮೌಂಡ್ ಅವರೇ, ಒಂದು ನಿಮಿಷ. ಅವರು ಹೇಳುತ್ತಿರುವುದು ಕಬ್ಸ್ ರನ್ ಜಾಸ್ತಿ *ಹೊಡೆಯುತ್ತಿದೆ* ಅಂತ. ನಿಮ್ಮ ಮಾತು ಪಿಚಿಂಗ್ ಬಗ್ಗೆ. ಪಿಚಿಂಗ್ ಲೆಕ್ಕ ತಪ್ಪಿದ್ದರೆ ಯಾಂಕೀಸ್ ರನ್ ಕಡಿಮೆ ಆಗಬೇಕಿತ್ತು. ಕಬ್ಸ್ ರನ್ ಯಾಕೆ ಏರುತ್ತೆ?

ಎಡಗೈ ಅವರೇ, ಡೇಟಾ ಎಲ್ಲಿಂದ ತಂದಿರಿ? ಪ್ರತಿ ಬ್ಯಾಟಿಂಗ್ ಸರದಿಯ ಫಲಿತಾಂಶ ಹೇಗೆ ಲೆಕ್ಕ ಹಾಕುತ್ತೀರಿ? ಒಂದು ಪಂದ್ಯದ ಪೂರ್ತಿ ಬಾಕ್ಸ್ ಸ್ಕೋರ್ (ಆಟಗಾರರ ಅಂಕಿಪಟ್ಟಿ) ಇಲ್ಲಿ ಹಾಕಿ. ಗೆಲುವು ಸೋಲಿನ ಎಣಿಕೆ ನೋಡಿ ಏನೂ ಹೇಳೋಕೆ ಆಗಲ್ಲ.

ಕೋರ್32:
ಮೊದಲು ಇಷ್ಟು ಹೇಳಿ: 1906ರ ಕಬ್ಸ್ ಗೆಲ್ಲುವುದು ನಿಜವಾಗಿ ತಪ್ಪಾ? 116 ಗೆಲುವು, 36 ಸೋಲು. ಅಂದರೆ .763. 1998ರ ಯಾಂಕೀಸ್ 114–48, ಅಂದರೆ .704. ಎರಡು ಟೀಮ್‌ಗಳ ಗೆಲುವಿನ ಪ್ರಮಾಣದಿಂದ ಯಾರು ಗೆಲ್ಲಬಹುದು ಅಂತ ಲೆಕ್ಕ ಹಾಕುವ ಬಿಲ್ ಜೇಮ್ಸ್ ಅವರ ಲಾಗ್5 ಸೂತ್ರಕ್ಕೆ ಎರಡನ್ನೂ ಹಾಕಿದರೆ ಕಬ್ಸ್ ಗೆಲ್ಲುವ ಸಾಧ್ಯತೆ .575 ಬರುತ್ತೆ. ನೂರರಲ್ಲಿ 57 ಅಥವಾ 58. ಹಾಗಾಗಿ ಕಬ್ಸ್ ಸ್ವಲ್ಪ ಮೇಲಿದ್ದರೆ ಸರಿಯೇ. ಎಂಬತ್ತು ತೊಂಬತ್ತು ಬರುತ್ತಿದ್ದರೆ ಮಾತ್ರ ಎಲ್ಲೋ ಕೆಟ್ಟಿದೆ.

ಅಂದ ಹಾಗೆ ನನ್ನ ಹತ್ತಿರ 32 ಕೋರಿನ ಮೆಷಿನ್ ಇದೆ. ಮನೆಯಲ್ಲೇ ಜೋಡಿಸಿದ್ದು. ಇಡೀ ಸೀಸನ್ ಚಹಾ ಕುದಿಯುವಷ್ಟರಲ್ಲಿ ಮುಗಿಯುತ್ತೆ. ಕೋಡ್ ಕಳಿಸಿದರೆ ಓಡಿಸಿ ಕೊಡುತ್ತೇನೆ.

ದಾಳ_ಕಾರ್ಡು:
ಆ .575 ಅನ್ನು ನಾನು ಒಪ್ಪಲ್ಲ. ಲಾಗ್5 ಕೆಲಸ ಮಾಡುವುದು ಎರಡೂ ಲೀಗ್ ಒಂದೇ ಮಟ್ಟದಲ್ಲಿದ್ದರೆ ಮಾತ್ರ. 1906ರಲ್ಲಿ ಕಪ್ಪು ಆಟಗಾರರಿಗೆ ಬಾಗಿಲೇ ಮುಚ್ಚಿತ್ತು. ಜಾಕಿ ರಾಬಿನ್ಸನ್ ಬಂದದ್ದು 1947ರಲ್ಲಿ. ಲ್ಯಾಟಿನ್ ಅಮೆರಿಕದಿಂದ ಬಂದವರು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅಂಥ ಲೀಗ್‌ನಲ್ಲಿ ಗೆದ್ದ .763ಕ್ಕೂ 1998ರಲ್ಲಿ ಗೆದ್ದ .704ಕ್ಕೂ ಒಂದೇ ತಕ್ಕಡಿ ಹಿಡಿಯೋದು ಹೇಗೆ? ಆಡೋಕೆ ಬಿಡದವರಿಗೆ ಆದ ಅನ್ಯಾಯ ಯಾವ ಕಾಲಂನಲ್ಲೂ ಕಾಣಲ್ಲ. ಆದರೆ ಅದು ಆ ಅಂಕಿಗಳ ಒಳಗೇ ಇದೆ.

ಇನ್ನೊಂದು ಮಾತು. ಇಷ್ಟೆಲ್ಲಾ ಗೆದ್ದ ಆ ಕಬ್ಸ್ ವರ್ಲ್ಡ್ ಸೀರೀಸ್‌ನಲ್ಲಿ ಅದೇ ಊರಿನ ವೈಟ್ ಸಾಕ್ಸ್‌ಗೆ 4–2ರಿಂದ ಸೋತಿತು. ವೈಟ್ ಸಾಕ್ಸ್ ಬ್ಯಾಟಿಂಗ್ ಸರಾಸರಿ ಆ ವರ್ಷ ಅಮೆರಿಕನ್ ಲೀಗ್‌ನಲ್ಲೇ ಕೊನೆ, .230.

ಕೋರ್32:
ಆರು ಪಂದ್ಯದಲ್ಲಿ ಏನು ಬೇಕಾದರೂ ಆಗಬಹುದು. ಲೀಗ್ ಮಟ್ಟದ ಮಾತು ಒಪ್ಪುತ್ತೇನೆ. ಆದರೆ ಅದಕ್ಕೆ ಎಷ್ಟು ಕಡಿತ ಹಾಕಬೇಕು ಅಂತ ಯಾರು ಹೇಳುತ್ತಾರೆ? ನೀವು ಹತ್ತು ಅಂತೀರಿ, ಇನ್ನೊಬ್ಬರು ಮೂವತ್ತು ಅಂತಾರೆ.

ಮೌಂಡ್_ಮೇಲಿಂದ:
ಮೌಂಡ್ ಸರಿ ಮಾಡಿದರೆ ಇಷ್ಟೆಲ್ಲಾ ಚರ್ಚೆ ಬೇಕಾಗಿಲ್ಲ.

ಎಡಗೈ_ಬ್ಯಾಟು:
ದಯವಿಟ್ಟು ನನ್ನ ಸಮಸ್ಯೆಗೆ ಬನ್ನಿ. ಪೈಥಾನ್‌ನಲ್ಲಿ ನಾನೇ ಬರೆದದ್ದು. ಡೇಟಾ ಒಂದು ಸಿಎಸ್‌ವಿ ಫೈಲ್, ಆಟಗಾರ ಮತ್ತು ವರ್ಷದ ಪ್ರಕಾರ. ಪ್ರತಿ ಸರದಿಗೂ ಬ್ಯಾಟರ್ ದರವನ್ನು ಪಿಚರ್ ದರದಿಂದ ಗುಣಿಸಿ ಲೀಗ್ ಸರಾಸರಿಯಿಂದ ಭಾಗಿಸುತ್ತೇನೆ. ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಸಿಗುವ ಪುಕ್ಕಟೆ ಬೇಸ್), ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಔಟ್), ಸಿಂಗಲ್, ಹೋಮ್‌ರನ್, ಉಳಿದ ಔಟ್, ಎಲ್ಲದಕ್ಕೂ ಹೀಗೇ. ಕೊನೆಗೆ ಎಲ್ಲಾ ಸೇರಿ ನೂರಾಗುವ ಹಾಗೆ ಸರಿಹೊಂದಿಸುತ್ತೇನೆ. ಲೀಗ್ ಸರಾಸರಿ 1998ರದ್ದು.

ಒಂದು ಪಂದ್ಯದ ಪಿಚಿಂಗ್ ಸಾಲು ಹಾಕಿದ್ದೇನೆ:

ಯಾಂಕೀಸ್: ಕೋನ್ – 6 ಇನ್ನಿಂಗ್ಸ್, 11 ಹಿಟ್, 6 ರನ್, 4 ವಾಕ್, 0 ಸ್ಟ್ರೈಕ್‌ಔಟ್
ನಂತರ ರಿವೇರಾ – 2 ಇನ್ನಿಂಗ್ಸ್, 3 ಹಿಟ್, 1 ರನ್, 1 ವಾಕ್, 0 ಸ್ಟ್ರೈಕ್‌ಔಟ್
ಕಬ್ಸ್: ಬ್ರೌನ್ – 9 ಇನ್ನಿಂಗ್ಸ್, 5 ಹಿಟ್, 2 ರನ್, 1 ವಾಕ್, 7 ಸ್ಟ್ರೈಕ್‌ಔಟ್

ಸ್ಕೋರ್‌ಬುಕ್:
ಸಿಕ್ಕಿತು. ಕೋನ್ ಸಾಲಿನ ಕೊನೇ ಅಂಕಿ ನೋಡಿ. ಡೇವಿಡ್ ಕೋನ್ 1998ರಲ್ಲಿ 209 ಜನರನ್ನು ಸ್ಟ್ರೈಕ್‌ಔಟ್ ಮಾಡಿದವರು. ಆರು ಇನ್ನಿಂಗ್ಸ್‌ನಲ್ಲಿ ಒಬ್ಬರೂ ಇಲ್ಲ. ರಿವೇರಾ ಬಂದರೂ ಸೊನ್ನೆ. ಇನ್ನೂ ನಾಲ್ಕು ಪಂದ್ಯದ ಬಾಕ್ಸ್ ಸ್ಕೋರ್ ತೆಗೆದು ನೋಡಿ. ಕಬ್ಸ್ ಬ್ಯಾಟರ್ ಯಾರಾದರೂ ಒಮ್ಮೆಯಾದರೂ ಸ್ಟ್ರೈಕ್‌ಔಟ್ ಆಗಿದ್ದಾರಾ?

ಎಡಗೈ_ಬ್ಯಾಟು:
ಒಬ್ಬರೂ ಇಲ್ಲ! ಯಾವ ಪಂದ್ಯ ತೆಗೆದರೂ ಇಲ್ಲ. ಇದು ಹೇಗೆ ಸಾಧ್ಯ?

ಸ್ಕೋರ್‌ಬುಕ್:
ಆ ಕಾಲದಲ್ಲಿ ಬ್ಯಾಟರ್‌ಗಳ ಸ್ಟ್ರೈಕ್‌ಔಟ್ ಅಧಿಕೃತವಾಗಿ ಬರೆದಿಡುತ್ತಿರಲಿಲ್ಲ. ನ್ಯಾಷನಲ್ ಲೀಗ್‌ನಲ್ಲಿ 1910ರಿಂದ, ಅಮೆರಿಕನ್ ಲೀಗ್‌ನಲ್ಲಿ 1913ರಿಂದ ಶುರು. ಪಿಚರ್ ಎಷ್ಟು ಜನರನ್ನು ಔಟ್ ಮಾಡಿದ ಅನ್ನುವುದು ಇದೆ. ಔಟ್ ಆದವನ ಲೆಕ್ಕ ಇಲ್ಲ. ಹಾಗಾಗಿ ನಿಮ್ಮ ಫೈಲ್‌ನಲ್ಲಿ ಕಬ್ಸ್‌ನ ಫ್ರಾಂಕ್ ಚಾನ್ಸ್, ಟಿಂಕರ್, ಎವರ್ಸ್, ಎಲ್ಲರ ಆ ಕಾಲಂ ಖಾಲಿ ಇರುತ್ತೆ. ಕೋಡ್‌ನಲ್ಲಿ ಖಾಲಿ ಜಾಗಕ್ಕೆ ಸೊನ್ನೆ ತುಂಬುವ ಸಾಲು ಎಲ್ಲೋ ಮೇಲುಗಡೆ ಇರಬೇಕು, ಹುಡುಕಿ.

ಮುಂದೆ ಆಗುವುದು ಇಷ್ಟೇ. ಸೊನ್ನೆಯನ್ನು ಯಾವ ಪಿಚರ್ ದರದಿಂದ ಗುಣಿಸಿದರೂ ಸೊನ್ನೆ. 1998ರಲ್ಲಿ ಸುಮಾರು ಆರು ಸರದಿಗೆ ಒಂದು ಸ್ಟ್ರೈಕ್‌ಔಟ್ ಆಗುತ್ತಿತ್ತು. ಆ ಪಾಲು ಕಬ್ಸ್ ಬ್ಯಾಟರ್‌ಗಳಿಗೆ ಮಾಯ. ನೀವು ಕೊನೆಗೆ ನೂರಕ್ಕೆ ಹೊಂದಿಸುವಾಗ ಆ ಪಾಲೆಲ್ಲಾ ಹಿಟ್, ವಾಕ್, ಉಳಿದ ಔಟ್‌ಗಳಿಗೆ ಹಂಚಿಹೋಗುತ್ತೆ. ಸಿಂಗಲ್ಲೂ ಏರಿತು, ವಾಕೂ ಏರಿತು. ಅದಕ್ಕೇ ಏಳೆಂಟು ರನ್.

ಎಡಗೈ_ಬ್ಯಾಟು:
ಸೊನ್ನೆ ತುಂಬುವ ಸಾಲು ಇದೆ, ಫೈಲ್ ಓದಿದ ತಕ್ಷಣ. ಅದನ್ನು ತೆಗೆದರೆ ಪ್ರೋಗ್ರಾಂ ನಿಂತುಹೋಗುತ್ತೆ. ಏನು ತುಂಬಲಿ?

ಸ್ಕೋರ್‌ಬುಕ್:
1906ರ ನ್ಯಾಷನಲ್ ಲೀಗ್ ಪಿಚರ್‌ಗಳ ಸ್ಟ್ರೈಕ್‌ಔಟ್ ಎಲ್ಲಾ ಕೂಡಿಸಿ. ಲೀಗ್‌ನಲ್ಲಿ ಪಿಚರ್‌ಗಳು ಮಾಡಿದ್ದೂ ಬ್ಯಾಟರ್‌ಗಳು ಆದದ್ದೂ ಒಂದೇ ಮೊತ್ತ ತಾನೇ? ಅದನ್ನು ಆ ಲೀಗ್‌ನ ಒಟ್ಟು ಸರದಿಗಳಿಂದ ಭಾಗಿಸಿ. ಬಂದ ದರವನ್ನು ಕಬ್ಸ್‌ನ ಎಲ್ಲರಿಗೂ ಕೊಡಿ. ಚಾನ್ಸ್‌ಗೂ ಅದೇ, ಬ್ರೌನ್ ಬ್ಯಾಟ್ ಹಿಡಿದರೂ ಅದೇ. ಬೇಕಿದ್ದರೆ ಪಿಚರ್‌ಗಳಿಗೆ ಸ್ವಲ್ಪ ಜಾಸ್ತಿ ಹಾಕಿ. ಆಟಗಾರರ ನಡುವಿನ ವ್ಯತ್ಯಾಸ ಹೋಗುತ್ತೆ ನಿಜ. ಆದರೆ ಸೊನ್ನೆಗಿಂತ ಸಾವಿರ ಪಾಲು ಮೇಲು.

ಸ್ಟ್ರೈಕ್‌ಔಟ್ ಒಂದಕ್ಕೇ ನಿಲ್ಲಿಸಬೇಡಿ. ಸ್ಯಾಕ್ರಿಫೈಸ್ ಫ್ಲೈ (ಕ್ಯಾಚ್ ಔಟಾದರೂ ರನ್ ತರುವ ಹೊಡೆತ) ಬೇರೆ ಕಾಲಂ ಆದದ್ದು 1954ರಿಂದ. ಬೇಕೆಂದೇ ಕೊಟ್ಟ ವಾಕ್ ಲೆಕ್ಕ ಶುರುವಾದದ್ದು 1955ರಿಂದ. ಬೇಸ್ ಕದಿಯುವಾಗ ಸಿಕ್ಕಿಬಿದ್ದ ಲೆಕ್ಕದಲ್ಲೂ ಹಳೇ ವರ್ಷಗಳಲ್ಲಿ ತೂತುಗಳಿವೆ. ಚಾನ್ಸ್ ಆ ವರ್ಷ 57 ಬೇಸ್ ಕದ್ದಿದ್ದಾರೆ. ಸಿಕ್ಕಿಬಿದ್ದ ಕಾಲಂ ಖಾಲಿ ಅಂತ ಅಲ್ಲೂ ಸೊನ್ನೆ ತುಂಬಿದ್ದರೆ ನಿಮ್ಮ ಆಟದಲ್ಲಿ ಅವರು ಒಮ್ಮೆಯೂ ಔಟಾಗಲ್ಲ.

ಮೌಂಡ್_ಮೇಲಿಂದ:
ಸರಿ, ಇದು ಬ್ಯಾಟಿಂಗ್ ಕಡೆ. ಆದರೆ ಲೀಗ್ ಸರಾಸರಿ ಎರಡು ಟೀಮಿಗೂ 1998ರದ್ದು ಹಾಕಿದ್ದೀರಲ್ಲ, ಅದು ಹಾಗೇ ಉಳಿಯಿತು. ಬ್ರೌನ್ ಅನ್ನು 1906ರ ಸರಾಸರಿಗೆ ಹೋಲಿಸಬೇಕು, ಕೋನ್ ಅನ್ನು 1998ರ ಸರಾಸರಿಗೆ. ಇಬ್ಬರೂ ತಮ್ಮ ಕಾಲದವರಿಗಿಂತ ಎಷ್ಟು ಮೇಲಿದ್ದರು ಅನ್ನುವುದು ಮೊದಲು. ಆಮೇಲೆ ಆಟ ಯಾವ ಕಾಲದಲ್ಲಿ ನಡೆಯಬೇಕೋ ಆ ಕಾಲದ ಮಟ್ಟಕ್ಕೆ ಇಳಿಸಬೇಕು.

ಸ್ಕೋರ್‌ಬುಕ್:
ಈ ಮಾತು ಪೂರ್ತಿ ಒಪ್ಪುತ್ತೇನೆ. ಅದರ ಜೊತೆ ಇನ್ನೊಂದು. ಇಆರ್‌ಎ ನಂಬಿ ಕೂರಬೇಡಿ. ಕಬ್ಸ್ ಇಆರ್‌ಎ 1.75 ನಿಜ. ಆದರೆ ಆ ವರ್ಷ ಬಿಟ್ಟ ಒಟ್ಟು ರನ್ 381, ಅಂದರೆ ಪಂದ್ಯಕ್ಕೆ ಎರಡೂವರೆ ಹತ್ತಿರ. ನಡುವಿನದೆಲ್ಲಾ ಎರರ್‌ನಿಂದ, ಅಂದರೆ ಫೀಲ್ಡರ್ ತಪ್ಪಿನಿಂದ ಬಂದ ರನ್. ಅಂಗೈ ಮುಚ್ಚುವಷ್ಟು ಗ್ಲೋವ್, ಏಳುಬೀಳಿನ ನೆಲ. ಫೀಲ್ಡಿಂಗ್ ಎರರ್ ನಿಮ್ಮ ಆಟದಲ್ಲಿ ಇಲ್ಲದಿದ್ದರೆ ಕಬ್ಸ್‌ಗೆ ಅಲ್ಲೂ ಪುಕ್ಕಟೆ ಲಾಭ.

ಚಿನ್ನಸ್ವಾಮಿ_ಗ್ಯಾಲರಿ:
ಓದುತ್ತಾ ಕೂತರೆ ಹೊತ್ತು ಹೋಗಿದ್ದೇ ಗೊತ್ತಾಗಲಿಲ್ಲ. ಇದೇ ಕೋಡ್‌ನಲ್ಲಿ ರಣಜಿ ಟೀಮ್ ಆಡಿಸಬಹುದಾ? 1973–74ರಲ್ಲಿ ಪ್ರಸನ್ನ ನಾಯಕತ್ವದಲ್ಲಿ ಮೊದಲ ಸಲ ಕಪ್ ಗೆದ್ದ ನಮ್ಮ ಕರ್ನಾಟಕ, ವಿಶ್ವನಾಥ್, ಚಂದ್ರಶೇಖರ್ ಇದ್ದ ಟೀಮ್. ಎದುರಿಗೆ 2014–15ರದ್ದು, ಫೈನಲ್‌ನಲ್ಲಿ ಕರುಣ್ ನಾಯರ್ 328 ಹೊಡೆದರಲ್ಲ, ಆ ಟೀಮ್. ಬಹಳ ದಿನದ ಆಸೆ.

ಕೋರ್32:
ಆಡಿಸಬಹುದು, ಆದರೆ ಕಷ್ಟ. ಬೇಸ್‌ಬಾಲ್‌ನಲ್ಲಿ ಪ್ರತಿ ಸರದಿ ಒಂದು ತುಂಡು, ಆಮೇಲೆ ಹೊಸದಾಗಿ ಶುರು. ಕ್ರಿಕೆಟ್‌ನಲ್ಲಿ ಪಿಚ್ ದಿನದಿಂದ ದಿನಕ್ಕೆ ಬದಲಾಗುತ್ತೆ, ಡ್ರಾ ಬೇರೆ ಇದೆ. ಬೇರೆ ಚರ್ಚೆ ಶುರು ಮಾಡಿ, ನಾನೂ ಬರುತ್ತೇನೆ. ಮೆಷಿನ್ ಖಾಲಿ ಇದೆ.

ದಾಳ_ಕಾರ್ಡು:
ಡಿಎಚ್ (ಪಿಚರ್ ಬದಲು ಬ್ಯಾಟ್ ಮಾಡುವವ) ಬಗ್ಗೆ ಯಾರೂ ಕೇಳಲೇ ಇಲ್ಲ. ಅಮೆರಿಕನ್ ಲೀಗ್‌ಗೆ ಡಿಎಚ್ ಬಂದದ್ದು 1973ರಲ್ಲಿ. ಯಾಂಕೀಸ್‌ಗೆ ಡಿಎಚ್ ಕೊಟ್ಟು ಕಬ್ಸ್‌ಗೆ ಪಿಚರ್ ಬ್ಯಾಟ್ ಮಾಡಿಸಿದರೆ ಅದು ನ್ಯಾಯ ಅಲ್ಲ. ನಾನು ಕಾರ್ಡ್ ಆಟದಲ್ಲಿ ಯಾರ ಮೈದಾನವೋ ಅವರ ಕಾಲದ ನಿಯಮ ಇಡುತ್ತೇನೆ. ನೆಲಮಾಳಿಗೆಯಲ್ಲಿ ಮೇಜು, ಮೇಲೊಂದು ಹಸಿರು ಬಟ್ಟೆ, ಪ್ರತಿ ಪಂದ್ಯದ ಸ್ಕೋರ್ ಕೈಬರಹದಲ್ಲೇ. ಕಪಾಟಿನಲ್ಲಿ ಎರಡು ಸಾಲು ತುಂಬಿದೆ. ಕಬ್ಸ್ ಆಗ ಆಡುತ್ತಿದ್ದ ಶಿಕಾಗೋದ ವೆಸ್ಟ್ ಸೈಡ್ ಮೈದಾನದಲ್ಲಿ ಆಡಿದರೆ ಎರಡೂ ಕಡೆ ಪಿಚರ್ ಬ್ಯಾಟ್ ಹಿಡಿಯಲೇಬೇಕು.

ಮೌಂಡ್_ಮೇಲಿಂದ:
ಮೈದಾನ ಬದಲಾದರೆ ಡಿಎಚ್ ಬದಲಾಗಬಹುದು, ಚೆಂಡೂ ಬದಲಾಗಬೇಕಲ್ಲ? ಯಾವ ಚೆಂಡು?

ದಾಳ_ಕಾರ್ಡು:
ಅದನ್ನೇ ಹೇಳಿದ್ದು. ಅವರ ಕಾಲದ್ದು.

ಎಡಗೈ_ಬ್ಯಾಟು:
ಲೀಗ್ ದರ ತುಂಬಿ ಓಡಿಸಿದೆ. ಕೋನ್ ಈಗ ಪಂದ್ಯಕ್ಕೆ ಮೂರ್ನಾಲ್ಕು ಜನರನ್ನು ಸ್ಟ್ರೈಕ್‌ಔಟ್ ಮಾಡುತ್ತಿದ್ದಾರೆ. ಕಬ್ಸ್ ರನ್ ಪಂದ್ಯಕ್ಕೆ ನಾಲ್ಕರ ಆಸುಪಾಸಿಗೆ ಇಳಿಯಿತು. ಗೆಲುವು ಅರ್ಧಕ್ಕಿಂತ ಸ್ವಲ್ಪ ಮೇಲೆ, ಕೋರ್32 ಹೇಳಿದ ಲೆಕ್ಕದ ಹತ್ತಿರ ಹತ್ತಿರ. ಸ್ಕೋರ್‌ಬುಕ್ ಮೇಡಂ, ತುಂಬಾ ಥ್ಯಾಂಕ್ಸ್. ಬ್ರೌನ್ ಇನ್ನೂ ಕೈಗೆ ಸಿಗುತ್ತಿಲ್ಲ. ಅವನ ಸರಾಸರಿಯನ್ನು 1906ಕ್ಕೆ ಕಟ್ಟುವುದು ನಾಳೆಯ ಕೆಲಸ. ಆಮೇಲೆ ಎರರ್. ಡಿಎಚ್ ಹಾಕಿದರೆ ಕಬ್ಸ್ ಪರ ಸಾಲಿ ಹಾಫ್‌ಮನ್ ಇಡೋಣ ಅಂದುಕೊಂಡಿದ್ದೇನೆ.

ಹೊಸ_ಗ್ಲೋವ್:
ನನ್ನ 1911ರ ಅಥ್ಲೆಟಿಕ್ಸ್ ಕೂಡ ಸೋಲೋದೇ ಇಲ್ಲ, ಯಾಕೆ ಅಂತ ಈಗ ಗೊತ್ತಾಯಿತು. ಅಮೆರಿಕನ್ ಲೀಗ್, 1913ಕ್ಕೆ ಮುಂಚೆ. ಫೈಲ್ ತೆಗೆದು ನೋಡಿದೆ, ಕಾಲಂ ಪೂರ್ತಿ ಖಾಲಿ. ಎಡಗೈ ಅವರೇ, ಲೀಗ್ ದರ ತುಂಬುವ ಆ ಭಾಗದ ಕೋಡ್ ಮಾತ್ರ ಇಲ್ಲಿ ಹಾಕ್ತೀರಾ?